ಉಪ ಮತ್ತು ಉಪರಿ

ಕೆಲವು ವರ್ಷಗಳ ಹಿಂದಿನ ಮಾತು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ನೆರೆಮನೆಯ ಹಿರಿಯರು ಒಂದು ಸಂಜೆ ಮೈಯೆಲ್ಲ ಬೆವರಿ, ಕೈ ನಡುಗುತ್ತ ಕುರ್ಚಿಗೆ ಒರಗಿಬಿಟ್ಟರು. ಮಗಳು ವೈದ್ಯರಿಗೆ ದೂರವಾಣಿ ಮಾಡಿದಳು. ಅವರು ‘ಹೈಪೋ ಇರಬೇಕು’ ಎನ್ನುವಷ್ಟರಲ್ಲಿ ಸಂಪರ್ಕ ಕಡಿಯಿತು. “ಮೇಷ್ಟ್ರೇ, ಹೈಪೋ ಅಂದರೆ ಸಕ್ಕರೆ ಹೆಚ್ಚಾಯಿತು ಅಂತಲೋ, ಕಡಿಮೆಯಾಯಿತು ಅಂತಲೋ?” ಎಂದು ನನ್ನನ್ನು ಕೇಳಿದಳು. ಮೂವತ್ತು ವರ್ಷ ವ್ಯಾಕರಣ ಬೋಧಿಸಿದ ನಾನು ಅರ್ಧ ನಿಮಿಷ ಮೂಕನಾಗಿ ನಿಂತೆ. ಅಷ್ಟರಲ್ಲಿ ವೈದ್ಯರೇ ಮತ್ತೆ ಕರೆದು ಸಕ್ಕರೆ ನೀರು ಕುಡಿಸಲು ಹೇಳಿದರು. ಹಿರಿಯರು ಚೇತರಿಸಿಕೊಂಡರು.

ಆ ಅರ್ಧ ನಿಮಿಷವೇ ನನ್ನನ್ನು ನಿಘಂಟಿನ ಮುಂದೆ ಕೂರಿಸಿತು.

ಇಂಗ್ಲಿಷ್ ಪದಗಳ ತಲೆಯ ಮೇಲೆ ಕುಳಿತ ಈ ಪುಟ್ಟ ಶಬ್ದಗಳು ಒಂದೇ ಮನೆಯಿಂದ ಬಂದವಲ್ಲ. ಕೆಲವು ಅದರ ಸ್ವಂತ ಆಸ್ತಿ. ಕೆಲವು ಲ್ಯಾಟಿನ್ನಿನಿಂದ, ಕೆಲವು ಗ್ರೀಕಿನಿಂದ ಬಂದವು. ‘ಮೇಲೆ’ ಎಂಬ ಒಂದೇ ಅರ್ಥಕ್ಕೆ ಓವರ್‌ಕೋಟಿನ ‘ಓವರ್’ ಸ್ವಂತದ್ದು, ಸೂಪರಿಂಟೆಂಡೆಂಟರ ‘ಸೂಪರ್’ ಲ್ಯಾಟಿನ್ನಿನದು, ಹೈಪರ್‌ಟೆನ್ಷನ್ನಿನ ‘ಹೈಪರ್’ ಗ್ರೀಕಿನದು. ಈ ಮೂರಕ್ಕೂ ಸಂಸ್ಕೃತದ ‘ಉಪರಿ’ ರಕ್ತಸಂಬಂಧಿ. ಹಾಗೆಯೇ ಗ್ರೀಕಿನ ‘ಹೈಪೋ’, ಲ್ಯಾಟಿನ್ನಿನ ‘ಸಬ್’, ಸಂಸ್ಕೃತದ ‘ಉಪ’ ಒಂದೇ ಬಳ್ಳಿಯ ಕುಡಿಗಳು. ಸಬ್ ಡಿವಿಜನ್ನನ್ನು ನಾವು ಉಪವಿಭಾಗವೆಂದಾಗ, ಅರಿಯದೆಯೇ ನೆಂಟರನ್ನು ನೆಂಟರ ಪಕ್ಕದಲ್ಲಿ ಕೂರಿಸಿರುತ್ತೇವೆ.

ನಕಾರದ ಕಥೆ ಇನ್ನೂ ಸ್ವಾರಸ್ಯದ್ದು. ‘ಅನ್‌ಹ್ಯಾಪಿ’ಯ ‘ಅನ್’, ‘ಇನ್‌ಕರೆಕ್ಟ್’ನ ‘ಇನ್’, ‘ಏಥಿಸ್ಟ್’ನ ಮೊದಲಕ್ಷರ, ನಮ್ಮ ‘ಅಧರ್ಮ’ದ ‘ಅ’ ಇವೆಲ್ಲ ಒಂದೇ ಮೂಲದವು. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬುದು ಸಂಸ್ಕೃತದ ನಿಯಮ: ಅಧರ್ಮ, ಅನಾಚಾರ. ಗ್ರೀಕಿನಲ್ಲಿಯೂ ಬಹುಮಟ್ಟಿಗೆ ಇದೇ ನಿಯಮ. ‘ಅನಾರ್ಕಿ’ಯಲ್ಲಿ ‘ಅನ್’ ಬಂದದ್ದು ಅದರಿಂದಲೇ. ಇನ್ನು ಲ್ಯಾಟಿನ್ನಿನ ‘ಇನ್’ ಮುಂದಿನ ಅಕ್ಷರಕ್ಕೆ ಹೊಂದಿಕೊಂಡು ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಎಂದು ರೂಪ ಬದಲಿಸುತ್ತದೆ. ಸಂಧಿ ಕೇವಲ ನಮ್ಮ ಪಂಡಿತರ ಕಾಟವಲ್ಲ!

ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು. ‘ಇನ್‌ಫ್ಲೇಮಬಲ್’ ಎಂಬಲ್ಲಿನ ‘ಇನ್’ ನಕಾರವಲ್ಲ, ‘ಒಳಗೆ’ ಎಂಬರ್ಥದ ಬೇರೆಯೇ ‘ಇನ್’. ಆ ಪದದ ಅರ್ಥ ‘ಹೊತ್ತಿ ಉರಿಯುವಂಥದು’. ‘ಉರಿಯದು’ ಎಂದು ತಿಳಿದವನು ಆ ಡಬ್ಬದ ಬಳಿ ಬೀಡಿ ಹಚ್ಚಿದರೆ ಗತಿಯೇನು?

ಇಷ್ಟು ಸಾಮ್ಯ ಕಂಡೊಡನೆ ‘ಇಂಗ್ಲಿಷ್ ಸಂಸ್ಕೃತದಿಂದಲೇ ಹುಟ್ಟಿತು’ ಎಂದು ಹಿಗ್ಗುವವರಿದ್ದಾರೆ. ಅದು ಸರಿಯಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಬಹುಶಃ ಈಗ ಉಳಿದಿರದ ಒಂದು ಮೂಲದಿಂದ ಹೊರಟಿವೆ ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಇವು ತಾಯಿ ಮಕ್ಕಳಲ್ಲ, ಒಂದೇ ವಂಶದ ದಾಯಾದಿಗಳು.

ಕನ್ನಡ ಆ ವಂಶದ್ದಲ್ಲ. ದಕ್ಷಿಣದ ಭಾಷೆಗಳದು ಬೇರೆ ಕುಟುಂಬವೆಂದು ಎಲ್ಲಿಸ್ 1816ರಲ್ಲಿ ತೋರಿಸಿದರು. ಕನ್ನಡದ ಸಹಜ ನಡೆ ಪದದ ಹಿಂದೆ ಸೇರಿಸುವುದು: ಮಾಡದ, ಬಾರದ, ತಿಳಿಯದ. ಆದರೂ ನಾವು ಸಂಸ್ಕೃತದಿಂದ ‘ಅನ್ಯಾಯ’ವನ್ನು ತಂದೆವು, ಪಾರಸಿಯ ‘ಬೇ’ಯಿಂದ ‘ಬೇಜವಾಬ್ದಾರಿ’ಯನ್ನೂ, ಅರಬ್ಬಿಯ ‘ಗೈರ್’ನಿಂದ ‘ಗೈರುಹಾಜರಿ’ಯನ್ನೂ ಪಡೆದೆವು. ಇಂಗ್ಲಿಷಿನಂತೆ ಕನ್ನಡವೂ ಬಂದವರಿಗೆ ಮಣೆ ಹಾಕಿದ ಮನೆಯೇ. ಸಾಲ ತಂದದ್ದರಿಂದ ಯಾವ ಭಾಷೆಯೂ ಬಡವಾಗಲಿಲ್ಲ. ತಂದದ್ದರ ಅರ್ಥ ಮರೆತವರು ಮಾತ್ರ ಕಷ್ಟಕ್ಕೆ ಸಿಲುಕಿದರು.

ಇದನ್ನೆಲ್ಲ ನೆರೆಮನೆಯ ಆ ಹುಡುಗಿಗೆ ಹೇಳಿದೆ. ಮರುದಿನ ನೋಡಿದರೆ, ತಂದೆಯ ಔಷಧದ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಅಂಟಿಸಿದ್ದಳು: ‘ಹೈಪೋ, ಉಪ, ಕೆಳಗೆ. ಕೂಡಲೇ ಸಕ್ಕರೆ ಕೊಡು. ಹೈಪರ್, ಉಪರಿ, ಮೇಲೆ. ಸಕ್ಕರೆ ಬೇಡ, ವೈದ್ಯರನ್ನು ಕರೆ.’

ನನ್ನ ವ್ಯಾಕರಣ ಪಾಠಕ್ಕೆ ಅಷ್ಟು ಒಳ್ಳೆಯ ಟಿಪ್ಪಣಿಯನ್ನು ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ.