ಜ್ವರದ ಫಿಟ್ಸ್‌ಗೆ ದಿನವೂ ಔಷಧಿ ಬೇಕೇ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಕ್ಕಳ ವೈದ್ಯರು ಮಾಡಿದ ಭಾಷಣ)



ಜ್ವರ ಬಂದ ಮಗು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ನಡುಗಿದರೆ ಮನೆಯವರ ಜೀವ ಬಾಯಿಗೆ ಬರುತ್ತದೆ. 6 ತಿಂಗಳಿನಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗುತ್ತದೆ. ಒಮ್ಮೆ ಬಂದ 3 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮತ್ತೆ ಬರಬಹುದು. ಆದರೆ ಕೆಲವೇ ನಿಮಿಷಗಳಲ್ಲಿ ನಿಲ್ಲುವ ಸಾಧಾರಣ ಜ್ವರದ ಫಿಟ್ಸ್‌ನಿಂದ ಮಿದುಳು ಹಾಳಾಗುವುದಿಲ್ಲ, ಓದು ಹಿಂದೆ ಬೀಳುವುದಿಲ್ಲ.

"ಮತ್ತೆ ಬಾರದಂತೆ ಔಷಧಿ ಬರೆದುಕೊಡಿ ಡಾಕ್ಟ್ರೇ" ಎಂದು ತಾಯಂದಿರು ಕೇಳುತ್ತಾರೆ. ಹಿಂದೆ ಫಿನೋಬಾರ್ಬಿಟೋನ್ ಔಷಧಿಯನ್ನು ದಿನವೂ ಕೊಡುವ ರೂಢಿಯಿತ್ತು. 1990ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. ಆ ಔಷಧಿ ಪಡೆದ ಮಕ್ಕಳ ಬುದ್ಧಿಮಟ್ಟದ ಅಂಕ ಉಳಿದವರಿಗಿಂತ ಕಡಿಮೆಯಿತ್ತು. ಫಿಟ್ಸ್ ಮರುಕಳಿಸುವುದೂ ಗಮನಾರ್ಹವಾಗಿ ತಗ್ಗಿರಲಿಲ್ಲ. ಮಗುವಿನ ಕಲಿಕೆಗೇ ಪೆಟ್ಟು ಕೊಡಬಹುದಾದ ಔಷಧಿಯನ್ನು, ತಾನಾಗಿ ನಿಲ್ಲುವ ತೊಂದರೆಗೆ ಕೊಡುವುದು ಸರಿಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2008ರಲ್ಲಿ, ಸಾಧಾರಣ ಜ್ವರದ ಫಿಟ್ಸ್‌ಗೆ ತಡೆ ಔಷಧಿ ಬೇಡವೆಂದೇ ಹೇಳಿತು.

ಪ್ಯಾರಾಸಿಟಮಾಲ್ ಮಗುವಿಗೆ ಹಾಯೆನಿಸುತ್ತದೆ, ಮುಂದಿನ ಜ್ವರದಲ್ಲಿ ಬರುವ ಫಿಟ್ಸನ್ನು ತಡೆಯುವುದಿಲ್ಲ. ಪದೇಪದೇ ಬರುವ ಕೆಲವು ಮಕ್ಕಳಿಗೆ ಜ್ವರ ಇರುವ ಎರಡು-ಮೂರು ದಿನ ಮಾತ್ರ ಕ್ಲೋಬಜಾಮ್ ಕೊಡುವುದುಂಟು. ಅದರಿಂದ ತೂಕಡಿಕೆ, ನಡಿಗೆಯಲ್ಲಿ ತಡವರಿಕೆ ಆಗಬಹುದು. ವೈದ್ಯರು ಬರೆಯದೆ ಕೊಡಬೇಡಿ. ಈಗಾಗಲೇ ದಿನವೂ ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸಲೂ ಬೇಡಿ.

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. 5 ನಿಮಿಷ ದಾಟಿದರೆ, ವೈದ್ಯರು ಬರೆದುಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಇದ್ದಲ್ಲಿ ಬಳಸಿ, 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ಒಂದೇ ದಿನ ಎರಡನೇ ಸಲ ಬಂದರೆ, ಕುತ್ತಿಗೆ ಬಿಗಿದಿದ್ದರೆ, ಫಿಟ್ಸ್ ನಿಂತ ಮೇಲೂ ಮಗುವಿಗೆ ಸರಿಯಾಗಿ ಎಚ್ಚರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ದಾನಿಗಳಲ್ಲಿ ಒಂದು ವಿನಂತಿ. ಬಡ ಮನೆಗೆ ನೆರವಾಗುವಾಗ ವರ್ಷಗಟ್ಟಲೆ ಮಾತ್ರೆಯ ಖರ್ಚಿಗಿಂತ ಆ ಸ್ಪ್ರೇ, ರಾತ್ರಿ ಆಸ್ಪತ್ರೆಗೆ ಹೋಗುವ ಆಟೋ ಬಾಡಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿವೇತನ ಪಡೆದ ಮಕ್ಕಳೇ, ತಮ್ಮ-ತಂಗಿಯರನ್ನು ನೋಡಿಕೊಳ್ಳುವವರು ಹಲವು ಸಲ ನೀವೇ. ಇಂದು ಕೇಳಿದ್ದನ್ನು ಮನೆಯಲ್ಲಿ ಅಜ್ಜಿಗೂ ತಿಳಿಸಿ.