ವಾಣಿಯ ಗೆಳತಿ



ಕೊಡಗಿನ ಕಕ್ಕಬೆಯ ಕಡೆ ಕಾಫಿ ಕೊಯ್ಲು ಮುಗಿಯುವ ಸಂಜೆ. ಒಬ್ಬಾಕೆ ಚೀಲದ ಬಾಯಿ ಹಿಡಿದಿದ್ದಾಳೆ, ಇನ್ನೊಬ್ಬಳು ಹಣ್ಣು ಸುರಿಯುತ್ತಿದ್ದಾಳೆ. ಇಬ್ಬರೂ ಹಳೆಯ ಗೆಳತಿಯರು. ಇವತ್ತು ಮಾತಿಲ್ಲ, ಏನೋ ಮುನಿಸು. ಆದರೂ ಒಂದು ಹಣ್ಣೂ ನೆಲಕ್ಕೆ ಬೀಳುವುದಿಲ್ಲ.

ಇಂಥದ್ದನ್ನು ಕಂಡಾಗ ನನಗೆ ಕೊಡಗಿನ ಗೌರಮ್ಮ ನೆನಪಾಗುತ್ತಾರೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ, ಬರೀ 27ರ ಪ್ರಾಯದಲ್ಲಿ ತೀರಿಕೊಂಡ ಕತೆಗಾರ್ತಿ. ಅವರ ‘ವಾಣಿಯ ಸಮಸ್ಯೆ’ ಕತೆಯಲ್ಲಿ ವಾಣಿ ಡಾಕ್ಟರರ ಹೆಂಡತಿ. ಪಕ್ಕದ ಮನೆಗೆ ಬಂದ ಇಂದು ಎಂಬವಳು ಎಳೆಯ ವಯಸ್ಸಿನ ವಿಧವೆ. ಇಬ್ಬರಿಗೂ ಬಹುಬೇಗ ಸಲುಗೆ ಬೆಳೆಯುತ್ತದೆ. ವಾಣಿಗೆ ಮನೆಗೆಲಸದಲ್ಲಿ ಉದಾಸೀನ. ಇಂದು ಆ ಮನೆಯನ್ನು ಓರಣ ಮಾಡುತ್ತಾಳೆ. ಹಾಗೆ ಮಾಡುತ್ತ ಮಾಡುತ್ತ, ಗೆಳತಿಯ ಗಂಡನ ಕಡೆಗೆ ಅವಳ ಮನಸ್ಸು ವಾಲುತ್ತದೆ. ಅದು ತನಗೇ ತಿಳಿದದ್ದೇ ತಡ, ಅವಳು ಊರು ಬಿಟ್ಟು ಹೊರಡುತ್ತಾಳೆ.

ಬೇರೆಯವರಾಗಿದ್ದರೆ ಒಬ್ಬಳನ್ನು ಕೆಟ್ಟವಳನ್ನಾಗಿ ಮಾಡುತ್ತಿದ್ದರೇನೋ. ಊರ ಬಾಯಿಯಂತೂ ಖಂಡಿತ ಮಾಡುತ್ತಿತ್ತು. ಗೌರಮ್ಮ ಮಾಡಲಿಲ್ಲ. ಇಂದುವಿನ ಆಸೆಯೂ ನಿಜ, ವಾಣಿಯ ಮೇಲಿನ ಪ್ರೀತಿಯೂ ನಿಜ. ವಾಣಿಗಾದರೋ ಗೆಳತಿ ಯಾಕೆ ಹೋದಳೆಂಬುದೇ ಬಿಡಿಸಲಾರದ ಒಗಟು. ತನ್ನ ಸಂಸಾರ ಉಳಿಸಿದವಳ ಮೇಲೆಯೇ ಅವಳು ಮುನಿಸಿಕೊಳ್ಳಬಹುದು.

ಹೆಣ್ಣು ಹೆಣ್ಣಿನ ಸ್ನೇಹದಲ್ಲಿ ಅಕ್ಕರೆ, ಹೋಲಿಕೆ, ಸಣ್ಣ ಅಸೂಯೆ ಎಲ್ಲವೂ ಒಟ್ಟಿಗೇ ಇರುತ್ತವೆ. ಅದನ್ನು 1930ರ ದಶಕದಲ್ಲೇ ಇಷ್ಟು ಮರ್ಯಾದೆಯಿಂದ ಬರೆದವರು ನಮ್ಮ ಕೊಡಗಿನವರು.

ಕತೆ ಚಿಕ್ಕದು. ಬಿಡುವಾದಾಗ ಓದಿ. ಮಾತು ಬಿಟ್ಟ ಗೆಳತಿ ಇದ್ದರೆ, ಅವಳಿಗೂ ಓದಲು ಕೊಡಿ.