ಆಕಾಶವಾಣಿಯ ನಗೆಗಾರ ನಾ. ಕಸ್ತೂರಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



“ಕಂಪ್ಯೂಟರ್ ಒಂದು ಬಿಟ್ಟು ಏನರ ಮಾತಾಡಪಾ” ಎಂದು ಗುರುಗಳು ಹೇಳಿದ್ದಾರೆ. ಅದಕ್ಕೇ ಇವತ್ತು ರೇಡಿಯೋದ ಮಾತು.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ದಿನ ಶುರುವಾಗುತ್ತಿದ್ದುದೇ ಧಾರವಾಡ ಆಕಾಶವಾಣಿಯಿಂದ. ಧಾರವಾಡದ ನಿಲಯ ಆರಂಭವಾದದ್ದು 1950ರಲ್ಲಿ. ಆದರೆ ‘ಆಕಾಶವಾಣಿ’ ಎಂಬ ಹೆಸರು ಅದಕ್ಕಿಂತ ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸ್ವಂತ ಖರ್ಚಿನಿಂದ ಬಾನುಲಿ ಕೇಂದ್ರ ತೆರೆದರು. ಮೊದಲಿಗೆ ಅದರ ಶಕ್ತಿ 30 ವ್ಯಾಟ್. ನಮ್ಮ ಶಾಲೆಯ ಹಳೆಯ ಟ್ಯೂಬ್‌ಲೈಟ್ 40 ವ್ಯಾಟ್ ಇತ್ತು!

ಅಲ್ಲಿ ಗೋಪಾಲಸ್ವಾಮಿಯವರ ಜೊತೆಗೆ ದುಡಿದವರು ನಾ. ಕಸ್ತೂರಿ. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಇವರೇ ಎಂದು ಬಲ್ಲವರು ಹೇಳುತ್ತಾರೆ. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ಹೊತ್ತುಕೊಂಡಿತು.

ಕಸ್ತೂರಿಯವರ ಮನೆಮಾತು ಕನ್ನಡವಲ್ಲ. ಅವರು ಹುಟ್ಟಿದ್ದು 1897ರಲ್ಲಿ, ಕೇರಳದ ತ್ರಿಪ್ಪುಣಿತ್ತುರದಲ್ಲಿ. ಹೊಟ್ಟೆಪಾಡಿಗೆ ಮೈಸೂರಿಗೆ ಬಂದು ಪ್ರೌಢಶಾಲೆಯಲ್ಲಿ ಮಾಸ್ತರರಾದರು, ಆಮೇಲೆ ಕಾಲೇಜಿನಲ್ಲಿ ಇತಿಹಾಸ ಕಲಿಸಿದರು. ಕನ್ನಡ ಕಲಿತದ್ದು ದೊಡ್ಡವರಾದ ಮೇಲೆ. ಹಾಗೆ ಕಲಿತ ಭಾಷೆಯಲ್ಲೇ ಕನ್ನಡಿಗರನ್ನು ನಗಿಸಿದರು. 1942ರಲ್ಲಿ ರಾಶಿಯವರು ‘ಕೊರವಂಜಿ’ ಹಾಸ್ಯ ಪತ್ರಿಕೆ ಆರಂಭಿಸಿದಾಗ ಅದರ ಮುಖ್ಯ ಬರಹಗಾರರಲ್ಲಿ ಕಸ್ತೂರಿ ಒಬ್ಬರು. ಅವರ ‘ಅನರ್ಥಕೋಶ’ ನಿಘಂಟಿನ ವೇಷದ ನಗೆಪುಸ್ತಕ; ಗೊತ್ತಿರುವ ಶಬ್ದಕ್ಕೆ ಗೊತ್ತಿರದ ಅರ್ಥ ಕೊಡುತ್ತದೆ. ಅವರ ದಾರಿಯಲ್ಲಿ ನಾನೂ ಒಂದು ಮಾಡಿದ್ದೇನೆ. ಪಾಸ್‌ವರ್ಡ್: ಮರೆಯಲೆಂದೇ ಇಟ್ಟುಕೊಳ್ಳುವ ಮಾತು.

ಮುಂದೆ ಅವರು ಬೆಂಗಳೂರು ಆಕಾಶವಾಣಿಯಲ್ಲಿಯೂ ಕೆಲಸ ಮಾಡಿದರು. ಕೊನೆಯ ವರ್ಷಗಳನ್ನು ಪುಟ್ಟಪರ್ತಿಯಲ್ಲಿ ಕಳೆದು 1987ರಲ್ಲಿ ತೀರಿಕೊಂಡರು.

ಈಗ ಮನೆಯ ಮಾತು. ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮಗಳಿಗೆ ಏಳು ವರ್ಷ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವಳು ರೊಟ್ಟಿ ಬೇಡವೆಂದು ಹಟ ಹಿಡಿದಳು. ನಮ್ಮವ್ವ, “ಆತು ಬಿಡವಾ, ನಿನ್ನ ರೊಟ್ಟಿ ಬೆಕ್ಕಿಗೆ ಹಾಕಿ, ನಾಳಿಂದ ಬೆಕ್ಕನ್ನ ಸಾಲಿಗೆ ಕಳಸ್ತೀನಿ” ಅಂದಳು. ಎಲ್ಲರೂ ನಕ್ಕರು. ಮಗಳು ಮಾತ್ರ ನನ್ನ ಮುಖ ನೋಡಿ, “ಅಜ್ಜಿ ಏನಂದ್ರು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅರ್ಥ ಹೇಳಿದೆ. ನಗು ಬರಲಿಲ್ಲ. ಅವ್ವ ಸುಮ್ಮನೆ ಎದ್ದು ಅಡಿಗೆಮನೆಗೆ ಹೋದಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಮಗುವಿನದಲ್ಲ. ಮನೆಯಲ್ಲಿ ಅವಳ ಜೊತೆ ಇಂಗ್ಲಿಷ್ ಮಾತಾಡಿದವನು ನಾನು. ಈ ಶಾಲೆಯಿಂದ ಹೊರಬಿದ್ದು ಕಾಲೇಜಿಗೆ ಹೋದಾಗ ಇಂಗ್ಲಿಷ್ ಬಾರದೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆ ಅಂಜಿಕೆ ಮಗಳಿಗೆ ಬೇಡವೆಂದುಕೊಂಡೆ. ಅಂಜಿಕೆ ತಪ್ಪಿಸಲು ಹೋಗಿ ಅಜ್ಜಿಯ ನಗುವನ್ನೇ ತಪ್ಪಿಸಿದೆ.

ಕಸ್ತೂರಿಯವರ ಜೀವನ ನನಗೆ ಧೈರ್ಯ ಕೊಡುವುದು ಇಲ್ಲಿ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಅವರು ನಾಡನ್ನೇ ನಗಿಸಿದರೆ, ಏಳು ವರ್ಷದ ಮಗುವಿಗೆ ಹೊತ್ತೇನೂ ಮೀರಿಲ್ಲ. ಇಂಗ್ಲಿಷ್ ಬೇಕು, ನನ್ನ ಅನ್ನ ಅದರಲ್ಲೇ ಇದೆ. ಆದರೆ ಶರೀಫಜ್ಜನ, ಸರ್ವಜ್ಞನ ಸೀಮೆಯ ಮಕ್ಕಳು ನಮ್ಮ ಮಾತಿನಲ್ಲಿ ನಗಲೂ ಬೇಕು. ಬರುವ ಬೇಸಿಗೆ ರಜೆಯಲ್ಲಿ ಮಗಳು ಅವ್ವನ ಹತ್ತಿರವೇ ಇರುತ್ತಾಳೆ.

ಶಾಲೆಗೂ ಒಂದು ವಿನಂತಿ. ಪ್ರತಿ ಶನಿವಾರ ಅರ್ಧ ತಾಸು ಮಕ್ಕಳ ಕೈಗೆ ಮೈಕು ಕೊಡಿ. ಒಗಟು, ಒಡಪು, ಅಜ್ಜಿ ಹೇಳಿದ ನಗೆಮಾತು, ಎಲ್ಲವನ್ನೂ ಮನೆಯ ಭಾಷೆಯಲ್ಲೇ ಹೇಳಲಿ. ಮೈಕು, ಸ್ಪೀಕರು ನಾನು ಕೊಡಿಸುತ್ತೇನೆ. 30 ವ್ಯಾಟ್ ಇದ್ದರೆ ಸಾಕು.